ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಕಾರ್ಮಿಕರ ಹಕ್ಕು: ಉದ್ಯೋಗ ವಿಹಾರದಲ್ಲಿ ಅಂಗಿ ಹೊಲಿಯುವವರಿಗೆ ಸಿಗುವುದೇನು?

ನವದೆಹಲಿ: ಗುರುಗ್ರಾಮದ ಉದ್ಯೋಗ ವಿಹಾರದಲ್ಲಿ ಹೊಲಿದ ಅಂಗಿ ಬ್ರಿಟನ್‌ನ ಅಂಗಡಿ ಸೇರಬೇಕಾದರೆ ಅಲ್ಲಿನ ಕಸ್ಟಮ್ಸ್‌ನಲ್ಲಿ ಶೇ 12ರವರೆಗೆ ಆಮದು ಸುಂಕ ಕಟ್ಟಬೇಕಿತ್ತು. ಅದೇ ಅಂಗಡಿಗೆ ಬಾಂಗ್ಲಾದೇಶದ ಅಂಗಿ ಸುಂಕವಿಲ್ಲದೆ ಹೋಗುತ್ತಿತ್ತು. ಈ ವ್ಯತ್ಯಾಸವನ್ನು ತೆಗೆಯುವ ಭಾರತ-ಬ್ರಿಟನ್ ಸಮಗ್ರ ಆರ್ಥಿಕ ಮತ್ತು ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿತ್ತು. ವಿಸ್ಕಿ ಅಗ್ಗವಾಗುತ್ತದೆಯೇ, ಕಾರಿನ ಬೆಲೆ ಎಷ್ಟು ಇಳಿಯುತ್ತದೆ, ಉಡುಪು ರಫ್ತು ಎಷ್ಟು ಏರುತ್ತದೆ ಎಂಬ ಸುದ್ದಿಗಳು ಎಲ್ಲೆಡೆ ಬಂದವು.

ಅದೇ ಒಪ್ಪಂದದಲ್ಲಿ ಕಾರ್ಮಿಕರ ಹಕ್ಕುಗಳಿಗಾಗಿಯೇ ಒಂದು ಅಧ್ಯಾಯ ಇದೆ ಎಂಬುದು ಅಷ್ಟಾಗಿ ಚರ್ಚೆಯಾಗಲಿಲ್ಲ. ಮೂರು ದಶಕ ಕಾಲ 'ವ್ಯಾಪಾರಕ್ಕೂ ಕಾರ್ಮಿಕ ಕಾನೂನಿಗೂ ಗಂಟು ಹಾಕಬೇಡಿ' ಎನ್ನುತ್ತಿದ್ದ ಭಾರತ ಈಗ ಅದಕ್ಕೆ ಒಪ್ಪಿದೆ. ಏನಿದು ಕಾರ್ಮಿಕ ಅಧ್ಯಾಯ? ಭಾರತ ನಿಲುವು ಬದಲಿಸಿದ್ದೇಕೆ? ದೆಹಲಿ ಸುತ್ತಮುತ್ತಲಿನ ಮತ್ತು ನಮ್ಮ ಕರ್ನಾಟಕದ ಕಾರ್ಮಿಕರಿಗೆ ಇದರಿಂದ ಏನಾದರೂ ಸಿಗುತ್ತದೆಯೇ? ಇಲ್ಲಿದೆ ವಿವರ.

ಏನಿದು ಕಾರ್ಮಿಕ ಅಧ್ಯಾಯ?

ಮುಕ್ತ ವ್ಯಾಪಾರ ಒಪ್ಪಂದ ಎಂದರೆ ಎರಡು ದೇಶಗಳು ಪರಸ್ಪರ ಸುಂಕ ಇಳಿಸಿಕೊಳ್ಳುವುದು. ಸುಂಕ ಇಳಿದಾಗ ಪೈಪೋಟಿ ಹೆಚ್ಚುತ್ತದೆ. ಆ ಪೈಪೋಟಿಯಲ್ಲಿ ಗೆಲ್ಲಲು ಒಂದು ದೇಶ ಕೂಲಿ ಕಡಿತಗೊಳಿಸಿದರೆ, ಕೆಲಸದ ಅವಧಿ ಹೆಚ್ಚಿಸಿದರೆ, ಸಂಘ ಕಟ್ಟಲು ಬಿಡದಿದ್ದರೆ ಏನು ಗತಿ? ಈ ಆತಂಕಕ್ಕೆ ಉತ್ತರವಾಗಿ ಬಂದದ್ದೇ ಕಾರ್ಮಿಕ ಅಧ್ಯಾಯ.

ಇದರಲ್ಲಿ ಸಾಮಾನ್ಯವಾಗಿ ಎರಡು ಮುಖ್ಯ ಮಾತುಗಳಿರುತ್ತವೆ. ಮೊದಲನೆಯದು, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂದರೆ ಐಎಲ್‌ಒ 1998ರಲ್ಲಿ ಘೋಷಿಸಿದ ಮೂಲಭೂತ ಹಕ್ಕುಗಳನ್ನು ಗೌರವಿಸುವ ಭರವಸೆ. ಸಂಘ ಕಟ್ಟುವ ಮತ್ತು ಒಟ್ಟಾಗಿ ಚೌಕಾಶಿ ಮಾಡುವ ಹಕ್ಕು, ಬಲವಂತದ ದುಡಿಮೆ ಇಲ್ಲದಿರುವುದು, ಬಾಲ ಕಾರ್ಮಿಕ ಪದ್ಧತಿಯ ನಿರ್ಮೂಲನೆ, ಉದ್ಯೋಗದಲ್ಲಿ ತಾರತಮ್ಯ ಇಲ್ಲದಿರುವುದು ಎಂಬ ನಾಲ್ಕು ಅದರಲ್ಲಿದ್ದವು. 2022ರಲ್ಲಿ ಸುರಕ್ಷಿತ, ಆರೋಗ್ಯಕರ ಕೆಲಸದ ವಾತಾವರಣ ಐದನೆಯದಾಗಿ ಸೇರಿತು.

ಎರಡನೆಯದು ಹಿಂಜರಿಯದಿರುವ ವಾಗ್ದಾನ. ವ್ಯಾಪಾರ ಅಥವಾ ಬಂಡವಾಳ ಸೆಳೆಯುವ ಸಲುವಾಗಿ ಈಗಿರುವ ಕಾರ್ಮಿಕ ಕಾನೂನುಗಳನ್ನು ಸಡಿಲಿಸುವುದಿಲ್ಲ, ಅಮಾನತಿನಲ್ಲಿ ಇಡುವುದಿಲ್ಲ ಎಂದು ಎರಡೂ ದೇಶಗಳು ಒಪ್ಪಿಕೊಳ್ಳುತ್ತವೆ. ಭಾರತದ ಮಟ್ಟಿಗೆ ಹೆಚ್ಚು ಪ್ರಶ್ನೆ ಹುಟ್ಟಿಸುವುದು ಈ ಎರಡನೆಯ ಮಾತು. ಏಕೆ ಎಂಬುದನ್ನು ಮುಂದೆ ನೋಡೋಣ.

1995ರಲ್ಲಿ ದೆಹಲಿ 'ಬೇಡ' ಎಂದಿತ್ತು

1995ರ ಜನವರಿಯಲ್ಲಿ ಅಲಿಪ್ತ ಮತ್ತು ಇತರ ಅಭಿವೃದ್ಧಿಶೀಲ ದೇಶಗಳ ಕಾರ್ಮಿಕ ಸಚಿವರು ನವದೆಹಲಿಯಲ್ಲಿ ಸೇರಿದ್ದರು. ವಿಶ್ವ ವ್ಯಾಪಾರ ಸಂಸ್ಥೆ ಆಗಷ್ಟೇ ಹುಟ್ಟಿತ್ತು. ಕಾರ್ಮಿಕ ಹಕ್ಕುಗಳನ್ನು ಉಲ್ಲಂಘಿಸುವ ದೇಶದ ಸರಕಿಗೆ ನಿರ್ಬಂಧ ಹೇರುವ ಷರತ್ತು ಇರಬೇಕು ಎಂದು ಅಮೆರಿಕ, ಫ್ರಾನ್ಸ್‌ನಂಥ ದೇಶಗಳು ಒತ್ತಾಯಿಸುತ್ತಿದ್ದವು. ದೆಹಲಿಯ ಸಭೆ ಅದನ್ನು ಸಾರಾಸಗಟಾಗಿ ತಿರಸ್ಕರಿಸಿತು.

ಮರುವರ್ಷ, ಅಂದರೆ 1996ರ ಡಿಸೆಂಬರ್‌ನಲ್ಲಿ, ಸಿಂಗಪುರದಲ್ಲಿ ನಡೆದ ಡಬ್ಲ್ಯುಟಿಒ ಸಚಿವರ ಸಮ್ಮೇಳನದಲ್ಲೂ ಭಾರತ ಇದೇ ಪಟ್ಟು ಹಿಡಿಯಿತು. ಕಾರ್ಮಿಕ ಮಾನದಂಡಗಳ ವಿಷಯ ನೋಡಿಕೊಳ್ಳಲು ಐಎಲ್‌ಒ ಇದೆ, ಕಡಿಮೆ ಕೂಲಿಯ ದೇಶಗಳಿಗಿರುವ ಅನುಕೂಲವನ್ನು ಪ್ರಶ್ನಿಸುವಂತಿಲ್ಲ ಎಂದು ಆ ಸಮ್ಮೇಳನದ ಘೋಷಣೆ ಹೇಳಿತು. 1999ರಲ್ಲಿ ಸಿಯಾಟಲ್ ಸಮ್ಮೇಳನ ಮುರಿದುಬೀಳಲು ಇದ್ದ ಕಾರಣಗಳಲ್ಲಿ ಈ ಜಗಳವೂ ಒಂದು.

ಭಾರತದ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಶ್ರೀಮಂತ ದೇಶಗಳು ತಮ್ಮ ಕೈಗಾರಿಕೆಗಳನ್ನು ಕಾಪಾಡಿಕೊಳ್ಳಲು ಕಾರ್ಮಿಕರ ಹೆಸರನ್ನು ಬಳಸುತ್ತಿವೆ ಎಂಬ ಅನುಮಾನ ಮೊದಲನೆಯದು. ನಿರ್ಬಂಧ ಬಿದ್ದರೆ ಮೊದಲು ಕೆಲಸ ಕಳೆದುಕೊಳ್ಳುವವರು ಅದೇ ಕಾರ್ಮಿಕರು ಎಂಬುದು ಇನ್ನೊಂದು. ಬಾಲ ಕಾರ್ಮಿಕರು ತಯಾರಿಸಿದ ಸರಕಿನ ಆಮದು ನಿಷೇಧಿಸುವ ಮಸೂದೆ 90ರ ದಶಕದ ಆರಂಭದಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂದಾಗ ಬಾಂಗ್ಲಾದೇಶದ ಉಡುಪು ಕಾರ್ಖಾನೆಗಳು ಸಾವಿರಾರು ಮಕ್ಕಳನ್ನು ರಾತ್ರೋರಾತ್ರಿ ಹೊರಹಾಕಿದವು. ಅವರಲ್ಲಿ ಹಲವರು ಶಾಲೆಗೆ ಹೋಗಲಿಲ್ಲ, ಕಲ್ಲು ಒಡೆಯುವಂಥ ಇನ್ನೂ ಕೆಟ್ಟ ಕೆಲಸಗಳಿಗೆ ಬಿದ್ದರು ಎಂದು ಯುನಿಸೆಫ್ ಬಳಿಕ ದಾಖಲಿಸಿತು. ಆ ಮಸೂದೆ ಕಾನೂನೇ ಆಗಲಿಲ್ಲ. ಭಯವೊಂದೇ ಇಷ್ಟು ಮಾಡಿತ್ತು.

ಈಗ ಒಪ್ಪಿದ್ದೇಕೆ?

ಉತ್ತರ ಸರಳ: ಮಾರುಕಟ್ಟೆ ಬೇಕು. ಯುರೋಪ್, ಬ್ರಿಟನ್‌ನಂಥ ದೊಡ್ಡ ಖರೀದಿದಾರರು ಈಗ ಕಾರ್ಮಿಕ ಮತ್ತು ಪರಿಸರ ಅಧ್ಯಾಯಗಳಿಲ್ಲದೆ ಒಪ್ಪಂದಕ್ಕೆ ಕೂರುವುದಿಲ್ಲ.

ಬದಲಾವಣೆ ಹಂತಹಂತವಾಗಿ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ನೇತೃತ್ವದ ಇಂಡೋ-ಪೆಸಿಫಿಕ್ ಆರ್ಥಿಕ ಚೌಕಟ್ಟಿನ ವ್ಯಾಪಾರ ವಿಭಾಗದಿಂದ ಭಾರತ ಹೊರಗುಳಿಯಿತು. ಕಾರ್ಮಿಕ, ಪರಿಸರ ಷರತ್ತುಗಳ ಬಗೆಗಿನ ಅಳುಕು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸೇರಿತ್ತು. ಆದರೆ ಅದೇ ಚೌಕಟ್ಟಿನ ಪೂರೈಕೆ ಸರಪಳಿ ಒಪ್ಪಂದಕ್ಕೆ ಸೇರಿತು. 2024ರ ಫೆಬ್ರವರಿ 24ರಂದು ಜಾರಿಗೆ ಬಂದ ಆ ಒಪ್ಪಂದದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಇರುವ ಸಲಹಾ ಮಂಡಳಿಯ ಪ್ರಸ್ತಾಪವಿದೆ. ನಿರ್ದಿಷ್ಟ ಕಾರ್ಖಾನೆಯಲ್ಲಿ ಹಕ್ಕು ಉಲ್ಲಂಘನೆಯಾದರೆ ಅದನ್ನು ಗಮನಕ್ಕೆ ತರುವ ವ್ಯವಸ್ಥೆಯೂ ಇದೆ. ದಂಡ ಮಾತ್ರ ಇಲ್ಲ.

ಮರುತಿಂಗಳು, 2024ರ ಮಾರ್ಚ್ 10ರಂದು, ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್ ದೇಶಗಳ ಇಎಫ್‌ಟಿಎ ಗುಂಪಿನ ಜತೆ ನವದೆಹಲಿಯಲ್ಲಿ ಸಹಿ ಬಿತ್ತು. ವ್ಯಾಪಾರ ಮತ್ತು ಸುಸ್ಥಿರ ಅಭಿವೃದ್ಧಿ ಎಂಬ ಪ್ರತ್ಯೇಕ ಅಧ್ಯಾಯಕ್ಕೆ ಭಾರತ ಒಪ್ಪಿದ ಮೊದಲ ಒಪ್ಪಂದ ಅದು. 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಬಳಿಕ ಬ್ರಿಟನ್ ಒಪ್ಪಂದ ಬಂತು. 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಆರಂಭವಾದ ಯುರೋಪಿಯನ್ ಒಕ್ಕೂಟದ ಜತೆಗಿನ ಮಾತುಕತೆ ಮುಗಿದಿರುವುದಾಗಿ 2026ರ ಜನವರಿ 27ರಂದು ದೆಹಲಿಯಲ್ಲೇ ಘೋಷಣೆಯಾಯಿತು. ಅದರಲ್ಲೂ ಕಾರ್ಮಿಕರ ಹಕ್ಕುಗಳನ್ನು ಒಳಗೊಂಡ ಅಧ್ಯಾಯ ಇದೆ.

ಉಲ್ಲಂಘಿಸಿದರೆ ಏನಾಗುತ್ತದೆ?

ಬ್ರಿಟನ್ ಒಪ್ಪಂದದಲ್ಲಿ ಸುಂಕದ ಮಾತು ತಪ್ಪಿದರೆ ದೂರು, ವಿಚಾರಣೆ, ತೀರ್ಪು ಎಲ್ಲವೂ ಇದೆ. ಕಾರ್ಮಿಕ ಅಧ್ಯಾಯವನ್ನು ಮಾತ್ರ ಆ ವಿವಾದ ಇತ್ಯರ್ಥ ವ್ಯವಸ್ಥೆಯಿಂದ ಹೊರಗಿಡಲಾಗಿದೆ. ತಕರಾರು ಬಂದರೆ ಎರಡು ಸರ್ಕಾರಗಳು ಕೂತು ಸಮಾಲೋಚನೆ ನಡೆಸಬೇಕು. ಇಎಫ್‌ಟಿಎ ಒಪ್ಪಂದದಲ್ಲೂ ಇದೇ ಕ್ರಮ. ಭಾರತದ ಹಳೆಯ ನಿಲುವು ಉಳಿದುಕೊಂಡಿರುವುದು ಇಲ್ಲಿಯೇ. ಹಕ್ಕುಗಳ ಪಟ್ಟಿಗೆ ಒಪ್ಪಿಗೆ ಇದೆ, ಅವುಗಳ ಹೆಸರಿನಲ್ಲಿ ನಿರ್ಬಂಧ ಹೇರಲು ಒಪ್ಪಿಗೆ ಇಲ್ಲ. ಬ್ರಿಟನ್‌ನ ಕಾರ್ಮಿಕ ಸಂಘಗಳ ಒಕ್ಕೂಟ ಟಿಯುಸಿ ಈ ದೌರ್ಬಲ್ಯವನ್ನು ಟೀಕಿಸಿದೆ.

ಇನ್ನೂ ಒಂದು ಅಂಶವಿದೆ. ಇವು ಸರ್ಕಾರಗಳ ನಡುವಿನ ಒಪ್ಪಂದಗಳು. ಉದ್ಯೋಗ ವಿಹಾರದಲ್ಲಿ ಓವರ್‌ಟೈಮ್ ಹಣ ಸಿಗದ ಟೈಲರ್ ಒಬ್ಬರು ಒಪ್ಪಂದದ ಪ್ರತಿ ಹಿಡಿದು ಗುರುಗ್ರಾಮದ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. ಅವರಿಗೆ ಆಸರೆ ಭಾರತದ ಕಾನೂನು ಮಾತ್ರ.

ಬೇರೆ ದೇಶಗಳ ಅನುಭವ ಏನು ಹೇಳುತ್ತದೆ?

ಹಲ್ಲಿದ್ದ ಮಾತ್ರಕ್ಕೆ ಕಚ್ಚುತ್ತದೆ ಎಂದಲ್ಲ. ಗ್ವಾಟೆಮಾಲಾದಲ್ಲಿ ಸಂಘದ ಕಾರ್ಯಕರ್ತರನ್ನು ಕೆಲಸದಿಂದ ಕಿತ್ತುಹಾಕಲಾಗುತ್ತಿದೆ ಎಂದು 2008ರಲ್ಲಿ ಸಲ್ಲಿಕೆಯಾದ ದೂರನ್ನು ಅಮೆರಿಕ ತನ್ನ ವ್ಯಾಪಾರ ಒಪ್ಪಂದದಡಿ ಮುಂದುವರಿಸಿತು. 2017ರಲ್ಲಿ ತೀರ್ಪು ಬಂದಾಗ ಅಮೆರಿಕ ಸೋತಿತ್ತು. ಆ ಉಲ್ಲಂಘನೆಯಿಂದ ಎರಡು ದೇಶಗಳ ವ್ಯಾಪಾರದ ಮೇಲೆ ಪರಿಣಾಮವಾಗಿದೆ ಎಂಬುದು ಸಾಬೀತಾಗಲಿಲ್ಲ ಎಂಬುದು ಮುಖ್ಯ ಕಾರಣ.

ಆ ಪಾಠ ಕಲಿತ ಅಮೆರಿಕ, 2020ರಲ್ಲಿ ಮೆಕ್ಸಿಕೊ ಮತ್ತು ಕೆನಡಾ ಜತೆಗಿನ ಹೊಸ ಒಪ್ಪಂದದಲ್ಲಿ ಒಂದೊಂದು ಕಾರ್ಖಾನೆಯ ವಿರುದ್ಧವೇ ತ್ವರಿತ ದೂರು ನೀಡುವ ವ್ಯವಸ್ಥೆ ತಂದಿತು. 2021ರಲ್ಲಿ ಮೆಕ್ಸಿಕೊದ ಸಿಲಾವೊದಲ್ಲಿರುವ ಜನರಲ್ ಮೋಟರ್ಸ್ ಘಟಕದ ಮೇಲೆ ಅದು ಮೊದಲ ಬಾರಿ ಪ್ರಯೋಗವಾಯಿತು. ಕಾರ್ಮಿಕರು ಹಳೆಯ ವೇತನ ಒಪ್ಪಂದವನ್ನು ಮತ ಹಾಕಿ ತಿರಸ್ಕರಿಸಿದರು, 2022ರ ಫೆಬ್ರವರಿಯಲ್ಲಿ ಸ್ವತಂತ್ರ ಸಂಘವನ್ನು ಆರಿಸಿದರು, ಕೆಲವೇ ತಿಂಗಳಲ್ಲಿ ಸಂಬಳ ಏರಿತು.

ಕಾಂಬೋಡಿಯಾದಲ್ಲಿ ಶಿಕ್ಷೆಯ ಬದಲು ಬಹುಮಾನದ ದಾರಿ ಹಿಡಿಯಲಾಗಿತ್ತು. 1999ರ ಒಪ್ಪಂದದ ಪ್ರಕಾರ, ಕಾರ್ಖಾನೆಗಳ ಸ್ಥಿತಿ ಸುಧಾರಿಸಿದಂತೆ ಅಮೆರಿಕಕ್ಕೆ ಉಡುಪು ರಫ್ತಿನ ಕೋಟಾ ಹೆಚ್ಚುತ್ತಿತ್ತು. ತಪಾಸಣೆಯ ಹೊಣೆ ಐಎಲ್‌ಒ ಹೊತ್ತಿತ್ತು.

ಭಾರತಕ್ಕೆ ಹೆಚ್ಚು ಹತ್ತಿರವಾದದ್ದು ದಕ್ಷಿಣ ಕೊರಿಯಾದ ಉದಾಹರಣೆ. ಯುರೋಪಿಯನ್ ಒಕ್ಕೂಟ ಮತ್ತು ಕೊರಿಯಾ ನಡುವಿನ ಒಪ್ಪಂದದ ಕಾರ್ಮಿಕ ಅಧ್ಯಾಯಕ್ಕೂ ವ್ಯಾಪಾರ ನಿರ್ಬಂಧದ ಬಲ ಇರಲಿಲ್ಲ. ಆದರೆ ತಜ್ಞರ ಸಮಿತಿ 2021ರ ಜನವರಿಯಲ್ಲಿ ಕೊರಿಯಾದ ಕಾನೂನಿನಲ್ಲಿ ಲೋಪಗಳಿವೆ ಎಂದಿತು. ಕೆಲವೇ ತಿಂಗಳಲ್ಲಿ ಕೊರಿಯಾ ಬಾಕಿ ಉಳಿಸಿಕೊಂಡಿದ್ದ ಐಎಲ್‌ಒ ಒಡಂಬಡಿಕೆಗಳಲ್ಲಿ ಮೂರನ್ನು ಅನುಮೋದಿಸಿತು. ಅಲ್ಲಿನ ಕಾರ್ಮಿಕ ಸಂಘಗಳು ವರ್ಷಗಳಿಂದ ಒತ್ತಾಯಿಸುತ್ತಿದ್ದ ವಿಷಯಕ್ಕೆ ಒಪ್ಪಂದ ಹೊರಗಿನಿಂದ ಬಲ ಕೊಟ್ಟಿತ್ತು.

ದೆಹಲಿ ಎನ್‌ಸಿಆರ್‌ನಲ್ಲಿ ಇದರ ಅರ್ಥವೇನು?

ಉಡುಪು ರಫ್ತಿನಲ್ಲಿ ತಿರುಪ್ಪೂರು, ಬೆಂಗಳೂರಿನ ಸಾಲಿಗೆ ಸೇರುವ ಪ್ರದೇಶ ಗುರುಗ್ರಾಮ, ನೋಯ್ಡಾ, ಫರೀದಾಬಾದ್, ಓಖ್ಲಾ. ಉಡುಪು ರಫ್ತು ಉತ್ತೇಜನ ಮಂಡಳಿಯ ಕಚೇರಿ ಇರುವುದೂ ಗುರುಗ್ರಾಮದಲ್ಲೇ. ಉದ್ಯೋಗ ವಿಹಾರದ ಪಕ್ಕದಲ್ಲೇ ದೆಹಲಿ ಗಡಿಯೊಳಗಿನ ಕಾಪಸ್‌ಹೇಡಾ ಇದೆ. ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಕಾರ್ಮಿಕರ ಕುಟುಂಬಗಳು ಅಲ್ಲಿ ಒಂದೊಂದು ಕೋಣೆಯ ಬಾಡಿಗೆ ಮನೆಗಳಲ್ಲಿ ವಾಸಿಸುತ್ತವೆ.

ಗಡಿಯ ಆಚೆಗೂ ಈಚೆಗೂ ಕೂಲಿಯಲ್ಲಿ ಎಷ್ಟು ಅಂತರ ನೋಡಿ. 2025ರ ಏಪ್ರಿಲ್‌ನಿಂದ ದೆಹಲಿಯಲ್ಲಿ ಕೌಶಲರಹಿತ ಕಾರ್ಮಿಕರ ಕನಿಷ್ಠ ವೇತನ ತಿಂಗಳಿಗೆ 18,456 ರೂಪಾಯಿ. ಆಗ ಹರಿಯಾಣದಲ್ಲಿ ಅದು 12 ಸಾವಿರ ರೂಪಾಯಿಗಿಂತ ಕಡಿಮೆ ಇತ್ತು. ಬಾಡಿಗೆ ಕಟ್ಟುವುದು ದೆಹಲಿಯಲ್ಲಿ, ಸಂಬಳ ಪಡೆಯುವುದು ಹರಿಯಾಣದ ದರದಲ್ಲಿ. ಒಪ್ಪಂದದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಕೂಲಿಯ ಮೊತ್ತ ಇಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅಲ್ಲಿರುವುದು ಕೂಲಿ ಹೆಚ್ಚಿಸಿ ಎಂದು ಸಂಘ ಕಟ್ಟಿ ಕೇಳುವ ಹಕ್ಕು.

ಭಾರತದ ದುರ್ಬಲ ಜಾಗವೂ ಅದೇ. ಐಎಲ್‌ಒದ ಹತ್ತು ಮೂಲಭೂತ ಒಡಂಬಡಿಕೆಗಳಲ್ಲಿ ಭಾರತ ಆರನ್ನು ಅನುಮೋದಿಸಿದೆ. ಬಾಲ ಕಾರ್ಮಿಕ ಪದ್ಧತಿ ಕುರಿತ ಎರಡಕ್ಕೆ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಸಂಘ ಕಟ್ಟುವ ಹಕ್ಕಿನ 87ನೇ ಮತ್ತು ಸಾಮೂಹಿಕ ಚೌಕಾಶಿಯ 98ನೇ ಒಡಂಬಡಿಕೆಗಳು ಇನ್ನೂ ಬಾಕಿ ಇವೆ. ಸರ್ಕಾರಿ ನೌಕರರಿಗೆ ಮುಷ್ಕರದಂಥ ಹಕ್ಕುಗಳನ್ನು ಕೊಡಬೇಕಾಗುತ್ತದೆ ಎಂಬುದು ಸರ್ಕಾರ ಮೊದಲಿನಿಂದ ಹೇಳುತ್ತ ಬಂದಿರುವ ಕಾರಣ.

ಸಂಘದ ದಾರಿ ಕಠಿಣವಾದಾಗ ಏನಾಗುತ್ತದೆ ಎಂಬುದಕ್ಕೆ ಮಾನೇಸರ್ ಸಾಕ್ಷಿ. 2011ರ ಜೂನ್‌ನಲ್ಲಿ ಮಾರುತಿ ಸುಜುಕಿ ಘಟಕದ ಕಾರ್ಮಿಕರು ತಮ್ಮದೇ ಹೊಸ ಸಂಘಕ್ಕೆ ಮಾನ್ಯತೆ ಕೇಳಿ 13 ದಿನ ಮುಷ್ಕರ ಹೂಡಿದರು. ಜಗಳ ಒಂದು ವರ್ಷ ಎಳೆಯಿತು. 2012ರ ಜುಲೈ 18ರ ಹಿಂಸಾಚಾರದಲ್ಲಿ ಕಂಪನಿಯ ಅಧಿಕಾರಿಯೊಬ್ಬರು ಜೀವ ಕಳೆದುಕೊಂಡರು. 2017ರಲ್ಲಿ ನ್ಯಾಯಾಲಯ 31 ಮಂದಿಯನ್ನು ತಪ್ಪಿತಸ್ಥರೆಂದು ಸಾರಿ 13 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 117 ಮಂದಿ ಖುಲಾಸೆಯಾದರು. ಮಾತುಕತೆಯ ಮೇಜಿನಲ್ಲಿ ಮುಗಿಯಬೇಕಿದ್ದ ವಿಷಯಕ್ಕೆ ಎರಡೂ ಕಡೆಯವರು ತೆತ್ತ ಬೆಲೆ ಅದು.

ಇನ್ನು ಹಿಂಜರಿಯದಿರುವ ವಾಗ್ದಾನ. 2020ರ ಮೇ ತಿಂಗಳಲ್ಲಿ, ಕೋವಿಡ್ ಹೊತ್ತಿನಲ್ಲಿ, ನೋಯ್ಡಾ ಸೇರಿರುವ ಉತ್ತರ ಪ್ರದೇಶದ ಸಂಪುಟವು ಬಹುತೇಕ ಕಾರ್ಮಿಕ ಕಾನೂನುಗಳಿಂದ ಉದ್ಯಮಗಳಿಗೆ ಮೂರು ವರ್ಷ ವಿನಾಯಿತಿ ಕೊಡುವ ಸುಗ್ರೀವಾಜ್ಞೆಗೆ ಒಪ್ಪಿಗೆ ನೀಡಿತ್ತು. ಕೇಂದ್ರ ಕಾರ್ಮಿಕ ಸಂಘಟನೆಗಳು ಐಎಲ್‌ಒಗೆ ಪತ್ರ ಬರೆದವು. ಅಂತರರಾಷ್ಟ್ರೀಯ ಬದ್ಧತೆಗಳನ್ನು ಪಾಲಿಸುವಂತೆ ರಾಜ್ಯಗಳಿಗೆ ತಿಳಿಸಿ ಎಂದು ಐಎಲ್‌ಒ ಮುಖ್ಯಸ್ಥರು ಪ್ರಧಾನಿಗೆ ಮನವಿ ಮಾಡಿದರು. ಇಂಥದ್ದೇ ಕ್ರಮ ಇನ್ನು ಮುಂದೆ ಬಂದರೆ ಐಎಲ್‌ಒ ಅಷ್ಟೇ ಅಲ್ಲ, ಒಪ್ಪಂದದ ಪಾಲುದಾರ ದೇಶವೂ ಪ್ರಶ್ನೆ ಕೇಳಬಹುದು. ಆಗ ಉತ್ತರ ಕೊಡಬೇಕಾದದ್ದು ಲಖನೌ ಅಲ್ಲ, ಒಪ್ಪಂದಕ್ಕೆ ಸಹಿ ಹಾಕಿದ ಕೇಂದ್ರ ಸರ್ಕಾರ.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳೂ ಈ ಬೆಳಕಿನಲ್ಲಿ ಪರೀಕ್ಷೆಗೆ ಬರಲಿವೆ. 29 ಹಳೆಯ ಕಾನೂನುಗಳ ಬದಲಿಗೆ ಬಂದ ಇವು ಎಲ್ಲರಿಗೂ ಕನಿಷ್ಠ ವೇತನ, ನೇಮಕಾತಿ ಪತ್ರ ನೀಡುತ್ತವೆ ಎನ್ನುತ್ತದೆ ಸರ್ಕಾರ. ಮುಷ್ಕರಕ್ಕೆ ಮುನ್ನ 14 ದಿನಗಳ ನೋಟಿಸ್ ಎಲ್ಲ ಉದ್ಯಮಗಳಲ್ಲೂ ಕಡ್ಡಾಯವಾಗಿದೆ. ಅನುಮತಿ ಇಲ್ಲದೆ ಕಾರ್ಮಿಕರನ್ನು ತೆಗೆಯುವ ಅವಕಾಶ 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಗಳಿಗೂ ಸಿಕ್ಕಿದೆ. ಹಿಂದೆ ಈ ಮಿತಿ 100 ಇತ್ತು ಎನ್ನುತ್ತಾರೆ ವಿರೋಧಿಸುವ ಸಂಘಟನೆಗಳವರು.

ಗಲ್ಲಿಯೊಳಗಿನ ಕಸೂತಿಗೆ ಯಾರು ಹೊಣೆ?

2007ರ ಅಕ್ಟೋಬರ್‌ನಲ್ಲಿ ಬ್ರಿಟನ್‌ನ 'ದಿ ಅಬ್ಸರ್ವರ್' ಪತ್ರಿಕೆ ದಕ್ಷಿಣ ದೆಹಲಿಯ ಶಾಪುರ್ ಜಾಟ್‌ನ ಕೋಣೆಗಳಲ್ಲಿ ಪುಟ್ಟ ಮಕ್ಕಳು ಗ್ಯಾಪ್ ಕಂಪನಿಯ ಉಡುಪುಗಳಿಗೆ ಕಸೂತಿ ಹಾಕುತ್ತಿದ್ದುದನ್ನು ಬಯಲಿಗೆಳೆಯಿತು. ಕಂಪನಿ ಆ ಉಡುಪನ್ನು ಮಾರಾಟದಿಂದ ಹಿಂದಕ್ಕೆ ಪಡೆಯಿತು. ಕೆಲಸವನ್ನು ಉಪಗುತ್ತಿಗೆಗೆ ಕೊಡಲಾಗಿತ್ತು.

ಕಾರ್ಮಿಕ ಅಧ್ಯಾಯಗಳಿಗೆ ಎದುರಾಗುವ ಗಟ್ಟಿ ಪ್ರಶ್ನೆ ಇದು. ರಫ್ತು ಕಾರ್ಖಾನೆಯ ಗೇಟಿನವರೆಗೆ ತಪಾಸಣೆ ಬರುತ್ತದೆ. ಅಲ್ಲಿಂದ ಮೂಟೆ ಕಟ್ಟಿ ಗಲ್ಲಿಗೆ ಹೋಗುವ ಗುಂಡಿ ಹೊಲಿಗೆ, ದಾರ ಕತ್ತರಿಸುವ ಕೆಲಸ, ಜರ್ದೋಜಿ ಕಸೂತಿ ಯಾವ ದಾಖಲೆಯಲ್ಲೂ ಇರುವುದಿಲ್ಲ. ಈ ಕೆಲಸಗಳನ್ನು ಮನೆಯಲ್ಲೇ ಕೂತು ಮಾಡುವವರಲ್ಲಿ ಹೆಂಗಸರೇ ಹೆಚ್ಚು.

ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಪಾಠವೇನು?

ಪೀಣ್ಯ, ಮೈಸೂರು ರಸ್ತೆ, ಬೊಮ್ಮಸಂದ್ರದ ಗಾರ್ಮೆಂಟ್ಸ್‌ಗಳಿಗೂ ಇದೇ ಒಪ್ಪಂದಗಳು ಅನ್ವಯಿಸುತ್ತವೆ. ಎರಡು ಘಟನೆಗಳನ್ನು ಇಲ್ಲಿ ನೆನೆಯಬೇಕು.

2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರ ಮುಂದೂಡಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿದ ಮೇಲೂ ಬಹಳಷ್ಟು ಕಾರ್ಖಾನೆಗಳು ಹಣ ಕೊಡಲಿಲ್ಲ. 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಇದರಿಂದ ನಷ್ಟವಾಗಿದೆ ಎಂದು ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಟಿಯಂ ಅಂದಾಜಿಸಿತು. ಸಂಘಗಳು ಪಟ್ಟು ಹಿಡಿದು, ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಬಳಿಕ 2022ರ ಆರಂಭದಲ್ಲಿ ದೊಡ್ಡ ರಫ್ತುದಾರರು ಬಾಕಿ ಕೊಡಲು ಒಪ್ಪಿದರು.

ಎರಡನೆಯದು ಶ್ರೀರಂಗಪಟ್ಟಣದ್ದು. 2020ರ ಜೂನ್‌ನಲ್ಲಿ ಗೋಕುಲದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ, ಎಚ್ ಅಂಡ್ ಎಂ ಬ್ರ್ಯಾಂಡ್‌ಗೆ ಉಡುಪು ಪೂರೈಸುತ್ತಿದ್ದ ಘಟಕವೊಂದು ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಂದರು. ಬಹುತೇಕರು ಹೆಣ್ಣುಮಕ್ಕಳು. ವಾರಗಟ್ಟಲೆ ಧರಣಿ ಕೂತರು. ಎಚ್ ಅಂಡ್ ಎಂ ಜಾಗತಿಕ ಕಾರ್ಮಿಕ ಒಕ್ಕೂಟವೊಂದರ ಜತೆ ಮೊದಲೇ ಲಿಖಿತ ಒಪ್ಪಂದ ಮಾಡಿಕೊಂಡಿದ್ದರಿಂದ ಸಂಘಕ್ಕೆ ಹಿಡಿದು ಕೇಳಲು ಒಂದು ಕಾಗದ ಇತ್ತು. ಕಾರ್ಮಿಕರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಕಂಪನಿ ಮತ್ತು ಸಂಘದ ನಡುವೆ 2021ರಲ್ಲಿ ಒಪ್ಪಂದವಾಯಿತು.

ಎರಡೂ ಕಡೆ ವ್ಯಾಪಾರ ಒಪ್ಪಂದ ಇರಲಿಲ್ಲ. ಇದ್ದದ್ದು ಮೂರು: ನೆಲದಲ್ಲಿ ಒಂದು ಸಂಘ, ಕೈಯಲ್ಲಿ ಕಾನೂನು ಅಥವಾ ಲಿಖಿತ ಮಾತು, ದೂರದಲ್ಲಿ ಹೆಸರು ಕೆಡುವ ಭಯವಿದ್ದ ಖರೀದಿದಾರ. ಕೊರಿಯಾದಲ್ಲೂ ಹೀಗೆಯೇ ಆಯಿತು. ಕೇಳುವವರು ಇದ್ದಾಗಷ್ಟೇ ಒಪ್ಪಂದದ ಮಾತಿಗೆ ಬೆಲೆ ಬಂತು.

ಮುಂದೆ ಗಮನಿಸಬೇಕಾದದ್ದು

ಒಪ್ಪಂದದ ಆಚೆಗೂ ಬೇಲಿ ಬಿಗಿಯಾಗುತ್ತಿದೆ. ಬಲವಂತದ ದುಡಿಮೆಯಿಂದ ತಯಾರಾದ ಸರಕನ್ನು ಮಾರುಕಟ್ಟೆಯಿಂದಲೇ ಹೊರಗಿಡುವ ಯುರೋಪಿಯನ್ ಒಕ್ಕೂಟದ ಕಾನೂನು 2027ರ ಡಿಸೆಂಬರ್‌ನಿಂದ ಅನ್ವಯವಾಗಲಿದೆ. ಅದಕ್ಕೆ ಭಾರತದ ಸಹಿ ಬೇಕಿಲ್ಲ. ಸುಂಕ ಸೊನ್ನೆಯಾದರೂ ಇಂಥ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕಂಟೇನರ್ ಬಂದರಿನಲ್ಲೇ ನಿಲ್ಲುತ್ತದೆ. ಓವರ್‌ಟೈಮ್ ಲೆಕ್ಕ, ಗುತ್ತಿಗೆದಾರರ ದಾಖಲೆ, ಕಾರ್ಮಿಕರ ದೂರು ಸಮಿತಿ ಇವೆಲ್ಲ ಇನ್ನು ರಫ್ತುದಾರರಿಗೆ ವ್ಯಾಪಾರದ ಖರ್ಚಿನ ಭಾಗವೇ.

ಹಾಗಾದರೆ ಕೇಳಬೇಕಾದ ಪ್ರಶ್ನೆಗಳು ಮೂರು. ಒಪ್ಪಂದದಡಿ ಎರಡು ಸರ್ಕಾರಗಳು ಸಮಾಲೋಚನೆಗೆ ಕೂತಾಗ ಕಾರ್ಮಿಕ ಸಂಘಗಳಿಗೆ ಕುರ್ಚಿ ಸಿಗುತ್ತದೆಯೇ? 87 ಮತ್ತು 98ನೇ ಒಡಂಬಡಿಕೆಗಳ ವಿಷಯದಲ್ಲಿ ಭಾರತ ಒಂದು ಹೆಜ್ಜೆಯಾದರೂ ಮುಂದಿಡುತ್ತದೆಯೇ? ಸುಂಕ ಇಳಿದು ಉಳಿಯುವ ಶೇ 12ರಲ್ಲಿ ಹೊಲಿದವರ ಪಾಲೆಷ್ಟು?

ಮೊದಲ ಎರಡಕ್ಕೆ ಉತ್ತರ ಕೊಡಬೇಕಾದವರು ಇಂಡಿಯಾ ಗೇಟ್ ಬಳಿಯ ವಾಣಿಜ್ಯ ಭವನದಲ್ಲೂ ರಫಿ ಮಾರ್ಗದ ಶ್ರಮಶಕ್ತಿ ಭವನದಲ್ಲೂ ಇದ್ದಾರೆ. ಮೂರನೆಯದು ಬ್ರ್ಯಾಂಡ್‌ಗಳು, ರಫ್ತುದಾರರು ಮತ್ತು ಕಾರ್ಮಿಕರ ನಡುವಿನ ಚೌಕಾಶಿಯಲ್ಲಿ ತೀರ್ಮಾನವಾಗುತ್ತದೆ. ಆ ಚೌಕಾಶಿಗೆ ಕಾರ್ಮಿಕರು ಕೂರುವಂತಾದರೆ ಮಾತ್ರ ಸುಂಕ ಇಳಿಕೆಯ ಲಾಭ ಕಾಪಸ್‌ಹೇಡಾದ ಬಾಡಿಗೆ ಕೋಣೆಯವರೆಗೆ ತಲುಪೀತು.